ಎಂಟು ಜನ ಬೇಕಾಗಿದ್ದ ಗುರುವಾರ

ಅಮೆರಿಕದ ಫ್ರೀಮಾಂಟಿನ ಕಾಶವ್ವನಿಗೆ ಜನ ಸೇರಿಸುವ ಕೆಲಸ ಹೊಸದಲ್ಲ. ಇಪ್ಪತ್ತೇಳು ವರ್ಷದಿಂದ ಆಕೆ ಇಲ್ಲಿ ಬಸವ ಜಯಂತಿಗೆ ಜನ ಸೇರಿಸಿದ್ದಾಳೆ, ಯುಗಾದಿಗೆ ಸೇರಿಸಿದ್ದಾಳೆ, ಊರಿನಿಂದ ಬಂದ ಸ್ವಾಮಿಗಳ ಪ್ರವಚನಕ್ಕೆ, ಅದೂ ಸೋಮವಾರ ಸಂಜೆಯ ಪ್ರವಚನಕ್ಕೆ, ಅರವತ್ತು ಜನರನ್ನು ತಂದು ನೆಲದ ಮೇಲೆ ಕೂರಿಸಿದ್ದಾಳೆ. ಆಕೆ ಫೋನು ಹಿಡಿದಳೆಂದರೆ ಬರುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ. ಈ ಸೆಪ್ಟೆಂಬರಿನಲ್ಲಿ ಆಕೆಗೆ ಬೇಕಾಗಿದ್ದದ್ದು ಬರೀ ಎಂಟು ಜನ. ಆ ಎಂಟು ಜನಕ್ಕಾಗಿ ಆಕೆ ಮೂರು ವಾರ ನಿದ್ದೆಗೆಟ್ಟಳು.

ಬೇಕಾಗಿದ್ದದ್ದು ಕುಣಿಯುವುದಕ್ಕೆ. ಸ್ಕ್ವೇರ್ ಡಾನ್ಸ್ ಎಂಬ ಒಂದು ಕುಣಿತವಿದೆ, ಇಲ್ಲಿಯವರದು, ಹಳೆಯದು. ನಾಲ್ಕು ಜೋಡಿ ಚೌಕದ ನಾಲ್ಕು ಬದಿಗೆ ನಿಲ್ಲಬೇಕು. ಒಬ್ಬಾತ ಮೈಕು ಹಿಡಿದು ಸಂಗೀತದ ನಡುವೆಯೇ ಮುಂದೇನು ಮಾಡಬೇಕೆಂದು ಕೂಗುತ್ತಾನೆ. ಕೈ ಹಿಡಿ ಅಂದರೆ ಹಿಡಿಯಬೇಕು, ಸುತ್ತು ಅಂದರೆ ಸುತ್ತಬೇಕು, ಬಿಟ್ಟು ಪಕ್ಕದವರ ಕೈ ಹಿಡಿ ಅಂದರೆ ಅದನ್ನೂ ಮಾಡಬೇಕು. ಏಳು ಜನರಿಂದ ಇದು ನಡೆಯುವುದಿಲ್ಲ, ಒಂಬತ್ತು ಜನರಿಂದಲೂ ನಡೆಯುವುದಿಲ್ಲ. ಕೂಗುವವನಿಗೆ ಕಾಲರ್ ಎನ್ನುತ್ತಾರೆ. ಯೂನಿಯನ್ ಸಿಟಿಯ ಒಂದು ಹಾಲಿನಲ್ಲಿ ಗುರುವಾರ ಗುರುವಾರ ಕುಣಿಯುವ ಕ್ಲಬ್ಬಿಗೆ ವಾಲ್ಟ್ ಕಾಲರ್. ಎಪ್ಪತ್ತೆಂಟು ವರ್ಷದ ಮುದುಕ, ಕಾಶವ್ವನ ಗಂಡ ಗುರುಶಾಂತಪ್ಪ ದುಡಿದ ಕಾರ್ಖಾನೆಯಲ್ಲೇ ಮುಂಚೆ ಫೋರ್‌ಮನ್ ಆಗಿದ್ದವನು. ಕ್ಲಬ್ಬಿನಲ್ಲಿ ಒಂದು ಕಾಲಕ್ಕೆ ನೂರು ಜನ ಇದ್ದರಂತೆ. ಈಗ ಕಾಶವ್ವ ದಂಪತಿಯನ್ನೂ ಸೇರಿಸಿ ಹತ್ತು.

ಆಗಸ್ಟಿನಲ್ಲಿ ವಾಲ್ಟ್ ಎಲ್ಲರನ್ನೂ ಕೂರಿಸಿ ಹೇಳಿಬಿಟ್ಟ. ಹೊಸಬರ ಕ್ಲಾಸಿನ ಮೊದಲ ದಿನ ಎಂಟು ಜನ ಹೊಸಬರು ಬಂದು, ಎರಡು ಸುತ್ತು ಪೂರ್ತಿ ಕುಣಿದು, ಹಾಳೆಯಲ್ಲಿ ಹೆಸರು ಬರೆದರೆ ಬರುವ ಮೇ ತಿಂಗಳವರೆಗೆ ಕ್ಲಬ್ಬು ನಡೆಸುತ್ತೇನೆ. ಒಬ್ಬರು ಕಡಿಮೆಯಾದರೂ ಅವತ್ತೇ ಹಾಲಿನ ಕೀಲಿಕೈ ವಾಪಸು ಕೊಡುತ್ತೇನೆ, ನನ್ನ ಸೊಂಟ ಇನ್ನು ಕೇಳುವುದಿಲ್ಲ. ಉಳಿದ ಮುದುಕರು ತಲೆ ಕೆಳಗೆ ಹಾಕಿದರು. ಜನರನ್ನು ತರುವುದು ನನಗಿರಲಿ ಎಂದವಳು ಕಾಶವ್ವ.

ನಿಜ ಹೇಳಬೇಕೆಂದರೆ ಆಕೆಗೆ ಕುಣಿತದ ಹುಚ್ಚೇನೂ ಇರಲಿಲ್ಲ. ಬೇಕಾಗಿದ್ದದ್ದು ಗುರುವಾರದ ಆ ಎರಡು ತಾಸು. ಆಕೆ ಗಂಡನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹೊರಗಿನವರಿಗೆ ಇದು ಗೊತ್ತಿಲ್ಲ. ಮದುವೆಗೆ, ಗೃಹಪ್ರವೇಶಕ್ಕೆ ಜೋಡಿಯಾಗಿಯೇ ಹೋಗುತ್ತಾರೆ, ಫೋಟೋಕ್ಕೆ ಹತ್ತಿರ ನಿಲ್ಲುತ್ತಾರೆ. ಮನೆಯಲ್ಲಿ ಮಾತ್ರ ಆಕೆ ಗ್ಯಾಸಿನ ಒಲೆಗೆ ಹೇಳಿದ ಹಾಗೆ "ಚಾ ಆರಾಕತ್ತೈತಿ" ಎನ್ನುತ್ತಾಳೆ, ಆತ ಬಂದು ಕುಡಿಯುತ್ತಾನೆ. ಸಿಯಾಟಲಿನಿಂದ ಮಗಳು ನಿವೇದಿತಾ ಫೋನು ಮಾಡಿದಾಗ ಸ್ಪೀಕರು ಹಾಕಿ ಇಬ್ಬರೂ ಮಾತಾಡುತ್ತಾರೆ, ಮಗಳ ಜೊತೆ.

ಕಾರಣ ಆ ಮಗಳ ಮದುವೆಯ ದಿನ ನಡೆದದ್ದು. ಅವತ್ತು ಬೆಳಿಗ್ಗೆ ಇಲ್ಲಿ ಅರಿಸಿನ ಕಲೆಸುತ್ತಿದ್ದಾಗ ಬಾಗಲಕೋಟೆಯಲ್ಲಿ ಕಾಶವ್ವನ ತಾಯಿ ತೀರಿಕೊಂಡಳು. ಫೋನು ಬಂದದ್ದು ಗುರುಶಾಂತಪ್ಪನಿಗೆ. ಆತ ಬಾಯಿಗೆ ಬೀಗ ಹಾಕಿಕೊಂಡ. ಹೆಂಡತಿಯ ಫೋನನ್ನು ಚಾರ್ಜಿಗೆ ಇಟ್ಟಿದ್ದೇನೆ ಎಂದು ಹೇಳಿ ತನ್ನ ಕಿಸೆಯಲ್ಲಿ ಇಟ್ಟುಕೊಂಡ. ನಮ್ಮ ಜನ ಇದನ್ನು ತಪ್ಪೆಂದು ಎಣಿಸುವುದಿಲ್ಲ. ಶುಭಕಾರ್ಯ ಮುಗಿಯುವತನಕ ಸಾವಿನ ಸುದ್ದಿಯನ್ನು ನುಂಗಿಕೊಂಡವರನ್ನು ಗಟ್ಟಿ ಮನುಷ್ಯ ಎಂದು ಹೊಗಳುವುದೇ ಹೆಚ್ಚು. ಹಾಗಾಗಿ ಕಾಶವ್ವ ಅವತ್ತು ಇಳಕಲ್ ಸೀರೆ ಉಟ್ಟು ಮುನ್ನೂರು ಜನರನ್ನು ನಗುನಗುತ್ತ ಉಪಚರಿಸಿದಳು, ಸಂಜೆ ರಿಸೆಪ್ಷನ್ನಿನಲ್ಲಿ ಬೀಗತಿಯ ಕೈ ಹಿಡಿದು ನಾಲ್ಕು ಹೆಜ್ಜೆ ಕುಣಿದಳು. ಮರುದಿನ ಬೆಳಿಗ್ಗೆ, ಅಲ್ಲಿ ಮಣ್ಣು ಮುಗಿದ ಮೇಲೆ, ಆತ ಹೇಳಿದ. ಹೇಳಿ, ಗೊತ್ತಾಗಿದ್ದರೂ ಮಣ್ಣಿನ ಹೊತ್ತಿಗೆ ನೀನು ಊರು ಮುಟ್ಟುತ್ತಿರಲಿಲ್ಲವಲ್ಲ ಎಂದ. ಆಕೆ ಅತ್ತದ್ದು ತಾಯಿಗೆ. ಮಾತು ಬಿಟ್ಟದ್ದು ಆ ಒಂದು ಮಾತಿಗೆ.

ಆರು ತಿಂಗಳ ಮೇಲೆ ಗುರುಶಾಂತಪ್ಪನ ಸಕ್ಕರೆ ಏರಿತು. ಎದುರಿಗೆ ಸಿಕ್ಕ ವಾಲ್ಟ್, ವಾಕಿಂಗಿಗಿಂತ ಕುಣಿಯುವುದು ಒಳ್ಳೆಯದು ಎಂದು ಎಳೆದುಕೊಂಡು ಹೋದ. ಜೋಡಿ ಬೇಕು ಎಂದದ್ದಕ್ಕೆ ಕಾಶವ್ವನೂ ಹೋಗಬೇಕಾಯಿತು. ಮನೆಯ ಜಗಳವನ್ನು ಪರರ ಮುಂದೆ ಹರಡುವ ಹೆಂಗಸಲ್ಲ ಆಕೆ. ಮೈಕಿನಲ್ಲಿ ವಾಲ್ಟ್ ನಿಮ್ಮ ಜೊತೆಯವರ ಕಡೆ ತಿರುಗಿ ಎರಡೂ ಕೈ ಹಿಡಿಯಿರಿ ಎಂದ. ಇಬ್ಬರೂ ಹಿಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಒಂದು ಸಲವೂ ಹಿಡಿಯದ ಕೈ ಅದು. ಬೇರೆಯವರು ಹೇಳಿದ್ದಕ್ಕೆ ಹಿಡಿದದ್ದು ತಾನೆ, ಆಕೆಯ ಸಿಟ್ಟಿಗೆ ಅದರಿಂದ ಯಾವ ಕುಂದೂ ಬರಲಿಲ್ಲ. ಅಲ್ಲಿಂದ ಮುಂದೆ ಗುರುವಾರ ಬಂತೆಂದರೆ ಆಕೆ ಬೇಗ ಏಳತೊಡಗಿದಳು, ಆತ ಮಧ್ಯಾಹ್ನವೇ ಗಡ್ಡ ಮಾಡಿಕೊಳ್ಳತೊಡಗಿದ. ಕ್ಲಬ್ಬು ಮುಚ್ಚಿತೆಂದರೆ ಕೈ ಹಿಡಿ ಎಂದು ಹೇಳುವವರು ಇರುವುದಿಲ್ಲ, ತಾನಾಗಿ ಹಿಡಿಯುವಷ್ಟು ತಾನು ಬಗ್ಗುವವಳಲ್ಲ ಎಂದು ಕಾಶವ್ವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆಕೆಗೆ ಭಯ.

ಮೂರು ವಾರ ಆಕೆ ಎಲ್ಲರನ್ನೂ ಕೇಳಿದಳು. ಫ್ರೀಮಾಂಟಿನ ಗ್ರೋಸರಿ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದವರನ್ನು ನಿಲ್ಲಿಸಿ ಕೇಳಿದಳು, ಸನ್ನಿವೇಲಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಕೇಳಿದಳು. ಎಲ್ಲರೂ ಬರ್ತೀವಿ ಆಂಟಿ ಎಂದರು. ವಾಟ್ಸ್ಯಾಪಿನಲ್ಲಿ ಹಾಕಿ ಎಂದರು. ಗಂಡ ಹೆಂಡಿರು ಬನ್ನಿ, ಕೈ ಕೈ ಹಿಡಿದು ಕುಣಿಯುವುದಿದೆ, ನಡುನಡುವೆ ಪಕ್ಕದವರ ಗಂಡನ ಕೈಯನ್ನೂ ಹಿಡಿಯುವುದಿದೆ ಎಂದು ನಾನೂರು ಜನರ ಗುಂಪಿನಲ್ಲಿ ಬರೆಯುವುದು ಹೇಗೆ? ಬರೆದಳು, ಅಳಿಸಿದಳು, ಕೊನೆಗೆ ಹೀಗೆ ಹಾಕಿದಳು: ಗುರುವಾರ ಸಂಜೆ ಏಳಕ್ಕೆ ಡಾನ್ಸ್ ಕ್ಲಾಸ್, ಹೊಸಬರಿಗೆ, ಕುಟುಂಬ ಸಮೇತ ಬನ್ನಿ, ಅವಲಕ್ಕಿ ಚೂಡಾ ಮತ್ತು ಕಾಫಿ ಇದೆ. ಹದಿನೆಂಟು ಹೆಬ್ಬೆರಳು ಬಂದವು. ಹದಿನೆಂಟರಲ್ಲಿ ಹತ್ತು ಜನ ಕೈ ಕೊಟ್ಟರೂ ಎಂಟು ಉಳಿಯುತ್ತದೆ ಎಂದು ಆಕೆ ಲೆಕ್ಕ ಹಾಕಿದಳು.

ಗುರುವಾರ ಏಳಕ್ಕೆ ಐದು ನಿಮಿಷವಿರುವಾಗ ಹಾಲಿನ ಎದುರು ಕಾರುಗಳ ಸಾಲೇ ಬಂತು. ಬಾಗಿಲಲ್ಲಿ ಹೆಸರಿನ ಚೀಟಿ, ಪೆನ್ನು ಹಿಡಿದು ನಿಂತಿದ್ದ ಕಾಶವ್ವನ ಕಾಲು ನೆಲಕ್ಕೆ ಊರಲಿಲ್ಲ. ಮೊದಲ ಕಾರಿನ ಹಿಂದಿನ ಬಾಗಿಲು ತೆರೆಯಿತು. ನೀರಿನ ಬಾಟಲಿ ಹಿಡಿದ ಇಬ್ಬರು ಹುಡುಗಿಯರು ಇಳಿದರು. ಮುಂದಿನ ಕಿಟಕಿಯಿಂದ ತಾಯಿ ತಲೆ ಹಾಕಿ, ಪಿಕಪ್ ಎಷ್ಟು ಗಂಟೆಗೆ ಆಂಟಿ ಎಂದು ಕೇಳಿದಳು. ಎರಡನೆಯ ಕಾರಿನಿಂದಲೂ ಮಕ್ಕಳು ಇಳಿದರು, ಮೂರನೆಯದರಿಂದಲೂ. ಒಬ್ಬಳ ಕಾಲಲ್ಲಿ ಗೆಜ್ಜೆ ಇತ್ತು.

ತಪ್ಪು ಯಾರದು? ಈ ಊರಿನ ನಮ್ಮವರಿಗೆ ಕ್ಲಾಸೆಂದರೆ ಮಕ್ಕಳದು. ಭರತನಾಟ್ಯ, ಚೆಸ್ಸು, ಈಜು, ಕನ್ನಡ, ಗಣಿತ. ವಾರಪೂರ್ತಿ ಮಕ್ಕಳನ್ನು ಇಳಿಸುವುದು, ಕಾರಿನಲ್ಲಿ ಕೂತು ಆಫೀಸಿನ ಮೀಟಿಂಗು ಮುಗಿಸುವುದು, ಮತ್ತೆ ಹತ್ತಿಸಿಕೊಳ್ಳುವುದು. ತಮಗೂ ಒಂದು ಕ್ಲಾಸು ಇರಬಹುದೆಂದು ನಲವತ್ತು ದಾಟಿದ ಯಾವ ಕನ್ನಡಿಗನಿಗೂ ಹೊಳೆಯುವುದಿಲ್ಲ. ಬಾಯಿಬಿಟ್ಟು ಹೇಳಬೇಕಾಗಿದ್ದ ಕಾಶವ್ವ ನಾಚಿಕೆಗೆ ಬಿದ್ದು ಕುಟುಂಬ ಸಮೇತ ಎಂದು ಬರೆದಿದ್ದಳು. ಈಗ ಹಾಲಿನೊಳಗೆ ಒಂಬತ್ತು ಮಕ್ಕಳು, ಮರದ ಬಿಲ್ಲೆಯಲ್ಲಿ ತಮ್ಮ ಹೆಸರು ಕೆತ್ತಿಸಿಕೊಂಡ ಎಂಟು ಅಮೆರಿಕನ್ ಮುದುಕರು, ಮೈಕು ಹಿಡಿದು ನಿಂತ ವಾಲ್ಟ್. ಹೊಸಬರ ಹಾಳೆ ಖಾಲಿ.

ಆಗ ಗುರುಶಾಂತಪ್ಪ ಎದ್ದು ಹೊರಗೆ ಹೋದ. ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿದ ಮನುಷ್ಯನಲ್ಲ. ಪಕ್ಕದ ಮನೆಯವರಿಗೆ ನಲ್ಲಿ ಸೋರುತ್ತಿದೆ ಎಂದು ಹೇಳುವುದಕ್ಕೂ ಎರಡು ದಿನ ತೆಗೆದುಕೊಳ್ಳುವ ಗಂಡಸು. ಆತ ಪಾರ್ಕಿಂಗಿನಲ್ಲಿ ಒಂದೊಂದೇ ಕಾರಿನ ಗಾಜು ತಟ್ಟುತ್ತ ನಡೆದ. ಬಗ್ಗಿ ಏನು ಹೇಳಿದನೋ ಕಾಶವ್ವನಿಗೆ ಕೇಳಿಸಲಿಲ್ಲ, ಬಾಗಿಲಿನಿಂದ ನೋಡಿದಳಷ್ಟೇ. ಕೆಲವರು ಕೈ ಮುಗಿದು ಗಾಡಿ ಹಿಂದೆ ತೆಗೆದು ಹೋದರು. ಕೆಲವರು ಇಳಿದರು. ಆತನಿಗೂ ಈ ಗುರುವಾರ ಬೇಕಾಗಿದೆ, ತನ್ನಷ್ಟೇ ಬೇಕಾಗಿದೆ ಎಂದು ಆಕೆಗೆ ತಿಳಿದದ್ದು ಆಗ. ಸಿಟ್ಟೂ ಬಂತು, ಪಾಪ ಅನ್ನಿಸಿತು, ಎರಡೂ ಒಟ್ಟಿಗೆ.

ಏಳೂವರೆಗೆ ಸರಿಯಾಗಿ ನಾಲ್ಕು ಜೋಡಿ ಆದವು. ಬೆಳಗಾವಿಯ ಅನಿಕೇತ ಮತ್ತು ಅವನ ಹೆಂಡತಿ, ಸನ್ನಿವೇಲಿನ ಡಾಕ್ಟರ ಜೋಡಿ, ಮೈಸೂರಿನ ಕಡೆಯ ಇಬ್ಬರು, ನಾಲ್ಕನೆಯವರು ಆಕಾಶ ಮತ್ತು ಬಿಂದುಶ್ರೀ, ಬೆಂಗಳೂರಿನಲ್ಲಿ ಬೆಳೆದವರು. ಎಂಟು ಜನ ಒಳಗೆ ಬಂದವರು ಮಾಡಿದ ಮೊದಲ ಕೆಲಸವೆಂದರೆ ಹೆಂಗಸರು ಒಂದು ಗೋಡೆಗೆ, ಗಂಡಸರು ಎದುರಿನ ಗೋಡೆಗೆ ಹೋಗಿ ನಿಂತದ್ದು. ಪ್ರವಚನಕ್ಕೆ ಬಂದವರ ಹಾಗೆ. ಕಾಶವ್ವ ಒಬ್ಬೊಬ್ಬರ ತೋಳು ಹಿಡಿದು ಎಳೆದು ಅವರವರ ಗಂಡನ ಪಕ್ಕ ನಿಲ್ಲಿಸಿದಳು. ಡಾಕ್ಟರ ಹೆಂಡತಿ ಪಕ್ಕದ ಗಂಡಸಿನ ಎರಡೇ ಬೆರಳು ಹಿಡಿದುಕೊಂಡಳು. ಅನಿಕೇತ ಎಲ್ಲರನ್ನೂ ಅಣ್ಣಾ ಅಕ್ಕಾ ಎಂದು ಕರೆದುಬಿಟ್ಟು ಕೈ ಹಿಡಿಯುವ ದಾರಿ ಕಂಡುಕೊಂಡ. ಮೂಲೆಯಲ್ಲಿ ಚೂಡಾ ತಿನ್ನುತ್ತ ಕೂತ ಮಕ್ಕಳು ತಂದೆತಾಯಿಯರ ಅವತಾರವನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ಮೊದಲ ಸುತ್ತಿನಲ್ಲಿ ಎಡಕ್ಕೆ ಎಂದರೆ ಮೂವರು ಬಲಕ್ಕೆ ಹೋದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಆದರೂ ಸುತ್ತು ಮುಗಿಯಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಬಿಂದುಶ್ರೀ. ಹತ್ತು ನಿಮಿಷ ನೀರು ಕುಡಿಯಿರಿ, ಇನ್ನೊಂದು ಸುತ್ತು ಆದ ಮೇಲೆ ಹೆಸರು ಬರೆಯಿರಿ ಎಂದ ವಾಲ್ಟ್.

ಆ ಹತ್ತು ನಿಮಿಷದಲ್ಲಿ ಆಕಾಶನಿಗೆ ಫೋನು ಬಂತು. ಹೊರಗೆ ಹೋಗಿ ಬಂದವನ ಮುಖ ಬಿಳಿಚಿತ್ತು. ಬಾಗಿಲ ಹತ್ತಿರ ಹಾಳೆ ಇಟ್ಟುಕೊಂಡು ಕೂತಿದ್ದವಳು ಕಾಶವ್ವ, ಹಾಗಾಗಿ ಮೊದಲು ಸಿಕ್ಕವಳೂ ಆಕೆಯೇ.

"ಬಿಂದು ಅಪ್ಪ ಹೋಗ್ಬಿಟ್ರಂತೆ ಆಂಟಿ. ವಾಕಿಂಗಿಂದ ಬಂದು ಕೂತೋರು ಹಂಗೇ... ಅವಳಣ್ಣ ಫೋನ್ ಮಾಡಿದ್ದ." ಅವನು ಒಳಗೆ ನೋಡಿದ. ಹೆಂಡತಿ ಅನಿಕೇತನ ಹೆಂಡತಿಗೆ ಹೆಜ್ಜೆ ತೋರಿಸುತ್ತಿದ್ದಳು. "ಈಗ್ಲೇ ಹೇಳೋದು ಬೇಡ. ಇದೊಂದು ರೌಂಡ್ ಮುಗೀಲಿ, ಮನೇಗೆ ಹೋಗ್ತಾ ನಾನೇ ಹೇಳ್ತೀನಿ. ಗೊತ್ತಾದ್ರೂ ಅವಳು ರೀಚ್ ಆಗೋಕೆ ಆಗಲ್ವಲ್ಲ, ಮಧ್ಯಾಹ್ನಕ್ಕೇ ಎತ್ತುತ್ತಾರಂತೆ."

ಈ ಮಾತನ್ನು ಕಾಶವ್ವ ಹಿಂದೆಯೂ ಕೇಳಿದ್ದಳು. ಮೂರು ವರ್ಷ ಆ ಮಾತಿಗೆ ಉತ್ತರವನ್ನು ಮನಸ್ಸಿನಲ್ಲೇ ಸಾವಿರ ಸಲ ಹೇಳಿಕೊಂಡಿದ್ದಳು. ಈಗ ಆಡಬೇಕಾಗಿತ್ತು. ಆದರೆ ಆಕೆಯ ತಲೆಯಲ್ಲಿ ಮೊದಲು ಬಂದದ್ದು ಲೆಕ್ಕ: ಇವರಿಬ್ಬರು ಹೋದರೆ ಉಳಿಯುವುದು ಆರು. ಲೆಕ್ಕ ಹಾಕಿದ ಮೇಲೆ ಅಯ್ಯೋ ಎಂದಳು. ಲೆಕ್ಕ ಮೊದಲು ಬಂದದ್ದಕ್ಕೆ ಆಕೆ ಇವತ್ತಿಗೂ ತನ್ನನ್ನು ತಾನು ಕ್ಷಮಿಸಿಕೊಂಡಿಲ್ಲ.

"ಆತು," ಎಂದುಬಿಟ್ಟಳು.

ಎರಡನೆಯ ಸುತ್ತು ಶುರುವಾಯಿತು. ಆಕಾಶ ಹೆಂಡತಿಯ ಪಕ್ಕ ನಿಂತು ಕುಣಿದ, ಅವಳ ಮುಖ ನೋಡದೆ. ಬಿಂದುಶ್ರೀಗೆ ಈಗ ಹೆಜ್ಜೆ ಹತ್ತಿತ್ತು. ವಾಲ್ಟ್ ಕೂಗುವುದರೊಳಗೇ ತಿರುಗುತ್ತಿದ್ದಳು, ತಪ್ಪಿದವರನ್ನು ಎಳೆದು ಸರಿ ನಿಲ್ಲಿಸುತ್ತಿದ್ದಳು, ತಲೆ ಹಿಂದೆ ಹಾಕಿ ನಗುತ್ತಿದ್ದಳು. ಕಾಶವ್ವ ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡಿದಳು. ಈಗ ಎದ್ದು ಹೇಳಬೇಕು ಎಂದುಕೊಂಡಳು, ಹಾಡು ಮುಗಿಯಲಿ ಎಂದುಕೊಂಡಳು. ಒಂದು ಸುತ್ತಿಗೆ ಹದಿನಾಲ್ಕು ನಿಮಿಷ. ಈ ಹದಿನಾಲ್ಕು ನಿಮಿಷದಿಂದ ಯಾರಿಗೆ ಏನಾಗುವುದಿದೆ, ಪಾಪ ನಗಲಿ, ಇನ್ನು ಎಷ್ಟು ದಿನ ನಗುವುದಿಲ್ಲವೋ. ಹೀಗೆ ಅಂದುಕೊಂಡವಳಿಗೆ ಅವತ್ತು ಗಂಡನೂ ಇದನ್ನೇ ಅಂದುಕೊಂಡಿರಬೇಕು ಎಂದು ಹೊಳೆಯಿತು. ಮದುವೆಯ ದಿನ ಆತ ಊಟಕ್ಕೆ ಕೂತಿರಲಿಲ್ಲ ಎಂಬುದು ಮೂರು ವರ್ಷದ ಮೇಲೆ ಈಗ ನೆನಪಾಯಿತು. ನೆನಪಾಗಿ ಸಿಟ್ಟು ಕಡಿಮೆಯಾಗಲಿಲ್ಲ. ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಹಾಡು ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಎಂಟೂ ಜನ ಬಂದು ಹಾಳೆಯಲ್ಲಿ ಹೆಸರು ಬರೆದರು. ವಾಲ್ಟ್ ಹಾಳೆಯನ್ನು ಎತ್ತಿ ನೋಡಿ, ಮೇ ತಿಂಗಳವರೆಗೆ ನಿಮ್ಮನ್ನು ಬಿಡುವುದಿಲ್ಲ ಎಂದು ಮೈಕಿನಲ್ಲಿ ಹೇಳಿದ, ಮುದುಕರು ಕಾಲಿನಿಂದ ನೆಲ ಬಡಿದರು. ಬಿಂದುಶ್ರೀ ಕೊನೆಗೆ ಬರೆದಳು. ಪೆನ್ನು ಇಟ್ಟು, ಅಮೆರಿಕಕ್ಕೆ ಬಂದು ಆರು ವರ್ಷವಾಯಿತು, ಇಷ್ಟು ನಕ್ಕದ್ದು ಇವತ್ತೇ ಎಂದಳು. ಅಪ್ಪನಿಗೆ ಈಗಲೇ ಹೇಳಬೇಕು, ಅಲ್ಲೀಗ ಬೆಳಿಗ್ಗೆ, ತಿಂಡಿಗೆ ಕೂತಿರುತ್ತಾರೆ ಎನ್ನುತ್ತ ಫೋನು ತೆಗೆದಳು.

ಕಾಶವ್ವ ಎದ್ದು ಫೋನಿನ ಮೇಲೆ ಕೈ ಇಟ್ಟಳು.

"ಬಿಂದು, ಇಲ್ಲಿ ನನ್ನ ಮುಖಾ ನೋಡವಾ. ನಿಮ್ಮ ಅಪ್ಪ ತೀರಕೊಂಡಾರ. ಇವತ್ತ ಮುಂಜಾನೆ."

ಬಿಂದುಶ್ರೀ ಅಳಲಿಲ್ಲ. ಮುಖದ ಮೇಲಿನ ನಗು ಇಳಿಯುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಸುಳ್ಳೆಂದು ಹೇಳುವವರು ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿದಳು. ಆಮೇಲೆ ಕೇಳಿದಳು, ನಿಮಗೆ ಯಾವಾಗ ಗೊತ್ತಾಯಿತು ಎಂದು. ಎರಡನೆಯ ಸುತ್ತಿಗೆ ನಿಲ್ಲುವುದಕ್ಕಿಂತ ಮೊದಲು ಎಂದಳು ಕಾಶವ್ವ. ಸುಳ್ಳು ಹೇಳುವ ಮನಸ್ಸು ಬಂದಿತ್ತು, ನುಂಗಿಕೊಂಡಳು.

"ನಾನು ಕುಣೀತಾ ಇದ್ದೆ," ಎಂದಳು ಬಿಂದುಶ್ರೀ.

ಆ ಮಾತು ಕಾಶವ್ವನದು. ಮೂರು ವರ್ಷ ಆಕೆಯ ಎದೆಯೊಳಗೆ ಕೂತಿದ್ದ, ಯಾರ ಮುಂದೆಯೂ ಆಡದ ಮಾತು. ಈಗ ಅದು ಬೇರೆಯವರ ಬಾಯಿಂದ ಬಂತು. ಅಷ್ಟರಲ್ಲಿ ಆಕಾಶ ಓಡಿಬಂದ. ಹೆಂಡತಿಯ ಭುಜ ಹಿಡಿದು, ನಿನಗೆ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ ಬಿಂದು, ಹೇಗೂ ನಾವು ಅಷ್ಟರೊಳಗೆ ಎಂದು ಶುರುಮಾಡಿದ. ಅವಳು ಭುಜ ಕೊಡವಿಕೊಂಡಳು. ಮುಂದೆ ಮೂರು ವರ್ಷ ಈ ಹುಡುಗಿ ಯಾವ ಗೋಡೆಗೆ ಮಾತಾಡುತ್ತಾಳೋ ಎಂದು ಕಾಶವ್ವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಆ ಮಾತ ಆಡಬ್ಯಾಡ ತಮ್ಮಾ," ಎಂದಳು. "ಮುಟ್ಟತಿದ್ಲೋ ಇಲ್ಲೋ, ಅದು ಅಕಿ ಅನ್ನೂ ಮಾತು, ನೀ ಅನ್ನೂದಲ್ಲ. ತಪ್ಪಾತು ಅನ್ನು. ಇವತ್ತ ಅನ್ನು. ನಾಳೆ ಅಂದ್ರ ಅಕಿಗೆ ಕೇಳಸಂಗಿಲ್ಲ." ಬಿಂದುಶ್ರೀಯ ಕಡೆ ತಿರುಗಿದಳು. "ನಂದೂ ತಪ್ಪಾತವಾ. ನನಗ ಎಂಟು ಮಂದಿ ಬೇಕಾಗಿತ್ತು, ಅದಕ್ಕ ಬಾಯಿ ಮುಚ್ಚಿಕೊಂಡೆ."

ಹಿಂದೆ ಕಾಫಿಯ ಕೊಳಗ ಎತ್ತಿಕೊಂಡು ಗುರುಶಾಂತಪ್ಪ ನಿಂತಿದ್ದ. ಎಲ್ಲವೂ ಆತನ ಕಿವಿಗೆ ಬಿತ್ತು. ಕಾಶವ್ವ ಹಿಂತಿರುಗಿ ನೋಡಲಿಲ್ಲ. ಅಣ್ಣನಿಗೆ ವಿಡಿಯೋ ಹಚ್ಚು, ಇನ್ನೂ ಎತ್ತಿಲ್ಲ, ಮುಖ ನೋಡಲಿ ಎಂದು ಆಕಾಶನಿಗೆ ಹೇಳಿ, ಇಬ್ಬರನ್ನೂ ಕುರ್ಚಿ ಜೋಡಿಸಿಟ್ಟಿದ್ದ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿ ಹೊರಗೆ ಬಂದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಪ್ಪಾ ಎಂದು ಕರೆಯುವುದು ಕೇಳಿಸಿತು, ಮತ್ತೆ ಮತ್ತೆ. ಮಕ್ಕಳು ಚೂಡಾ ತಿನ್ನುವುದನ್ನು ನಿಲ್ಲಿಸಿದರು. ಗುರುಶಾಂತಪ್ಪ ಕೊಳಗವನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ಕೂತುಬಿಟ್ಟ.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಬಿಂದುಶ್ರೀ ಹೋಗುವಾಗ ಕಾಶವ್ವನ ಕಡೆ ನೋಡಲಿಲ್ಲ, ಆಕಾಶ ಅವಳ ಹಿಂದೆ ಅವಳ ಚಪ್ಪಲಿ ಹಿಡಿದುಕೊಂಡು ನಡೆದ. ಇಬ್ಬರು ಮತ್ತೆ ಬರಲಿಕ್ಕಿಲ್ಲ ಎಂದು ಕಾಶವ್ವ ವಾಲ್ಟಿಗೆ ಹೇಳಿದಳು. ಎಂಟು ಹೆಸರಿವೆ, ನಾನು ಮಾತು ಕೊಟ್ಟಿದ್ದೇನೆ ಎಂದ ಮುದುಕ. ಬೇಡಿದ್ದು ಸಿಕ್ಕಿತ್ತು. ಮೇ ತಿಂಗಳವರೆಗಿನ ಎಲ್ಲ ಗುರುವಾರವೂ ಆಕೆಯದೇ. ಕಾಶವ್ವನಿಗೆ ಮಾತ್ರ ಹಾಳೆಯನ್ನು ನೋಡಲೂ ಮನಸ್ಸಾಗಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಗುರುಶಾಂತಪ್ಪ ಗಾಡಿ ಶುರುಮಾಡಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದ.

"ತಪ್ಪಾತು," ಎಂದ. "ನೀ ಅನಕೊಂಡದ್ದಕಿಂತ ದೊಡ್ಡ ತಪ್ಪೈತಿ. ಅವತ್ತ ರಿಸೆಪ್ಷನ್ ನಡದಾಗ ನಿಮ್ಮ ತಮ್ಮ ವಿಡಿಯೋ ಹಚ್ಚಿದ್ದಾ. ಮಣ್ಣಿಗೆ ಒಯ್ಯೂಕಿಂತ ಮೊದಲ ಅಕ್ಕಗ ಒಮ್ಮೆ ತೋರಸ್ರಿ ಮಾಮಾ ಅಂದಾ. ನಾ ಪಾರ್ಕಿಂಗಿನ್ಯಾಗ ನಿಂತು ಒಬ್ಬನ ನೋಡಿದೆ. ನಿನ್ನ ಕರೀಲಿಲ್ಲ. ಮುಟ್ಟತಿರಲಿಲ್ಲ ಅಂದೆ ನಿನಗ. ನೋಡಬಹುದಿತ್ತು."

ಬಾಗಿಲು ತೆರೆದು ಇಳಿದು ಹೋಗಿಬಿಡಬೇಕೆಂದು ಕಾಶವ್ವನ ಕೈ ಹಿಡಿಕೆಯ ತನಕ ಹೋಯಿತು. ಒಂದು ದಿನಕ್ಕೂ ಹದಿನಾಲ್ಕು ನಿಮಿಷಕ್ಕೂ ಬಹಳ ಅಂತರವಿದೆ ಎಂದು ಆಕೆಗೆ ಗೊತ್ತಿತ್ತು. ಒಂದು ಗಂಟೆಯ ಹಿಂದಾಗಿದ್ದರೆ ಆ ಅಂತರವನ್ನು ಹಿಡಿದುಕೊಂಡು ಇನ್ನು ಮೂರು ವರ್ಷ ಕಳೆಯುತ್ತಿದ್ದಳು. ಈಗ ಅದಕ್ಕಿಂತ ದೊಡ್ಡದೊಂದು ಆಸೆ ಒಳಗಿಂದ ಎದ್ದು ಬಂತು. ತಾಯಿಯ ಮುಖವನ್ನು ಕೊನೆಗೆ ಕಂಡ ಮನುಷ್ಯ ತನ್ನ ಪಕ್ಕದಲ್ಲೇ ಕೂತಿದ್ದಾನೆ, ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದಾನೆ.

"ಹೆಂಗಿದ್ಲು ಅವ್ವ?" ಎಂದು ಕೇಳಿದಳು.

"ಗ್ವಾಡಿಗೆ ಆನಿಸಿ ಕುಂದರ್ಸಿದ್ರು. ಹಣಿ ತುಂಬ ವಿಭೂತಿ. ನೀ ಕಳಿಸಿದ್ದ ಕಂದು ಶಾಲು ಹೊಚ್ಚಿದ್ರು." ಆತ ಗಾಡಿಯ ಕೀಲಿಗೆ ಕೈ ಚಾಚಿದ.

"ಪೂರಾ ಹೇಳ್ರಿ."

"ಎತ್ತೂ ಮುಂದ ನಿಮ್ಮ ತಮ್ಮ ಫೋನು ಅವ್ವನ ಮುಖದ ಮುಂದ ಹಿಡದಾ. ನನ್ನ ಕಡಿ ಕ್ಯಾಮೆರಾ ಹಚ್ಚಿರಲಿಲ್ಲ, ನೀನೂ ಅದೀ ಅಂತ ತಿಳಕೊಂಡಿದ್ದಾ. ಅವ್ವನ ಕಿವಿಯಾಗ ಹೇಳಿದಾ, ಅಕ್ಕ ನೋಡಾಕತ್ತಾಳವಾ ಅಂತ. ನಾ ಸುಮ್ಮನಿದ್ದೆ."

ಅವ್ವ ಹೋದ ತಿಂಗಳ ಮೇಲೆ ಬಾಗಲಕೋಟೆಗೆ ಹೋಗಿದ್ದಾಗ ತಮ್ಮನು, ಕಡೆಯ ಹೊತ್ತಿಗೆ ನೀನೂ ಇದ್ದಂಗಾತು ಅಕ್ಕಾ, ಎಂದದ್ದನ್ನು ಕಾಶವ್ವ ಬರೀ ಸಮಾಧಾನದ ಮಾತೆಂದುಕೊಂಡಿದ್ದಳು. ಆಕೆ ಗಟ್ಟಿಯಾಗಿ ಅತ್ತಳು, ಹೊರಗೆ ವಾಲ್ಟ್ ಹಾಲಿನ ಬಾಗಿಲು ಹಾಕುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ. ಗುರುಶಾಂತಪ್ಪ ಸಮಾಧಾನ ಮಾಡಲು ಹೋಗಲಿಲ್ಲ. ಆಕೆ ಅಳುತ್ತಲೇ ಒಂದೊಂದಾಗಿ ಕೇಳಿದಳು: ಕಣ್ಣು ಪೂರ್ತಿ ಮುಚ್ಚಿತ್ತೋ, ಕೂದಲು ಯಾರು ಬಾಚಿದ್ದರು, ಸುತ್ತ ಯಾರು ಯಾರು ಇದ್ದರು. ಗೊತ್ತಿದ್ದದ್ದಕ್ಕೆ ಆತ ಹೇಳಿದ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ.